ಭಾಷಣ ಕೇಳಿ ಗೊಬ್ಬರ ಬಿಟ್ಟೆ: ನಾಯಕರ ಮಾತನ್ನು ಹೊಲಕ್ಕೆ ತರೋ ಮೊದಲು

ಕಳೆದ ಶನಿವಾರ ರಾತ್ರಿ ಊಟ ಮುಗಿಸಿ ಕೂತಿದ್ದೆ. ಚಿಕ್ಕಪ್ಪನ ಮಗನಿಂದ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬಂತು. ಒಂದು ನಿಮಿಷವೂ ಇಲ್ಲ. ಪ್ರಧಾನಿ ಮೋದಿಯವರು ಕೊಯಮತ್ತೂರಿನ ವೇದಿಕೆ ಮೇಲೆ ಮಾತಾಡ್ತಿದ್ದಾರೆ, ಮೇಲೆ ಯಾರದ್ದೋ ಕನ್ನಡ ದನಿ, ಕೆಳಗೆ ಕೆಂಪು ಅಕ್ಷರದಲ್ಲಿ "ರಸಗೊಬ್ಬರ ಬಂದ್! ನೈಸರ್ಗಿಕ ರೈತರಿಗೆ ಬಂಪರ್". ಅದರ ಹಿಂದೆಯೇ ಅವನ ವಾಯ್ಸ್ ಮೆಸೇಜು: "ಅಣ್ಣಾ, ಮುಂದಿನ ವರ್ಷದಿಂದ ಯೂರಿಯಾ ಸಿಗಂಗಿಲ್ಲಂತ. ನೈಸರ್ಗಿಕ ಮಾಡಿದೋರಿಗೆ ಎಕರೆಗೆ ಇಪ್ಪತ್ತು ಸಾವಿರ ಕೊಡ್ತಾರಂತ. ನಾ ನಾಲ್ಕೂ ಎಕರೆ ಬರಸಾಕ ಹತ್ತೀನಿ. ಅರ್ಜಿಗೆ ಒಬ್ಬಾತಗ ಒಂದೂವರೆ ಸಾವಿರ ಕೊಟ್ಟೀನಿ."

ಬೈಯಬೇಕು ಅನ್ನಿಸ್ತು. ಆದ್ರೆ ಬೈಯಲಿಲ್ಲ. ಇಂಥದ್ದೇ ತುಣುಕು ನೋಡಿ ಆರು ವರ್ಷದ ಹಿಂದೆ ನಾನೂ ಕೈ ಸುಟ್ಟುಕೊಂಡವನೇ. ತೋಟಗಾರಿಕೆ ಪದವಿ ಓದಿಯೂ!

2019ರಲ್ಲಿ ನಾನು ಕೇಳಿದ್ದು, ಅವರು ಹೇಳಿದ್ದು

2019ರ ಆಗಸ್ಟ್ 15. ಕೆಂಪುಕೋಟೆಯಿಂದ ಪ್ರಧಾನಿ ರಾಸಾಯನಿಕ ಗೊಬ್ಬರದ ಬಗ್ಗೆ ಮಾತಾಡಿದರು. ಭೂಮಿ ತಾಯಿ ಇದ್ದಂಗೆ, ಅವಳ ಆರೋಗ್ಯ ಕೆಡಿಸೋ ಹಕ್ಕು ನಮಗಿಲ್ಲ ಅನ್ನೋ ಧಾಟಿಯ ಮಾತು. ನಾನು ಆಗಷ್ಟೇ ಕಂಪನಿ ಕೆಲಸ ಬಿಟ್ಟು ಊರಿಗೆ ಬಂದಿದ್ದೆ. ತಲೆ ತುಂಬ ಸಾವಯವ. ಫೋನಿಗೆ ಬಂದ ತುಣುಕಿನಲ್ಲಿ ನನಗೆ ಕೇಳಿಸಿದ್ದು ಒಂದೇ ಪದ, "ಮುಕ್ತಿ". ಗೊಬ್ಬರದಿಂದ ಮುಕ್ತಿ. ದೇಶದ ಪ್ರಧಾನಿಯೇ ಹೇಳಿದ ಮೇಲೆ ಇನ್ನೇನು ಬೇಕು? ಮುಂದಿನ ಮುಂಗಾರಿಗೆ, ಅಂದ್ರೆ 2020ರಲ್ಲಿ, ಮೂರೆಕರೆ ಗೋವಿನಜೋಳಕ್ಕೆ ಒಂದು ಕಾಳು ಡಿಎಪಿ ಹಾಕಲಿಲ್ಲ, ಯೂರಿಯಾ ಹಾಕಲಿಲ್ಲ. ಬರೀ ಜೀವಾಮೃತ.

ಅಪ್ಪ ಆಗ ಒಂದೇ ಮಾತು ಹೇಳಿದ್ರು. "ಅವರು ದೇಶಕ್ಕ ಹೇಳ್ಯಾರ, ನಿನ್ನ ಮೂರೆಕರೆಗೆ ಹೇಳಿಲ್ಲ."

ಬಿತ್ತಿದ ಮೂವತ್ತೈದನೇ ದಿನಕ್ಕೆ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿ ಆದವು. ಇಂಗ್ಲಿಷಿನ 'ವಿ' ಅಕ್ಷರ ಬರೆದಂಗೆ. ಪರೀಕ್ಷೆಯಲ್ಲಿ ಬಂದಿದ್ರೆ ಕಣ್ಣು ಮುಚ್ಚಿ "ಸಾರಜನಕದ ಕೊರತೆ" ಅಂತ ಬರೀತಿದ್ದೆ. ಹೊಲದಲ್ಲಿ ನಿಂತಾಗ ಮಾತ್ರ "ಇನ್ನೊಂದು ಸಲ ಜೀವಾಮೃತ ಕೊಡೋಣ" ಅಂದೆ. ಎಕರೆಗೆ ಇಪ್ಪತ್ತೆರಡು ಕ್ವಿಂಟಲ್ ಬರ್ತಿದ್ದ ಹೊಲದಲ್ಲಿ ಬಂದದ್ದು ಒಂಬತ್ತು. ಆ ವರ್ಷ ಬೆಂಬಲ ಬೆಲೆ 1850 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಕೇಳಿದ್ದು ಅದಕ್ಕಿಂತ ಎಷ್ಟೋ ಕೆಳಗೆ. ಸೊಸೈಟಿ ಸಾಲದ ಕಂತಿಗೆ ಅಪ್ಪ ಎತ್ತಿನ ಜೋಡಿ ಮಾರಿದ್ರು. ಜೀವಾಮೃತಕ್ಕೆ ಸಗಣಿ ಕೊಡ್ತಿದ್ದ ಎತ್ತುಗಳನ್ನೇ.

ಬಹಳ ದಿನ ಆದ ಮೇಲೆ ಆ ಭಾಷಣದ ಪೂರ್ತಿ ಪಠ್ಯ ಹುಡುಕಿ ಓದಿದೆ. ಪ್ರಧಾನಿ ಹೇಳಿದ್ದು ಮೊದಲು ಶೇ. 10, ಆಮೇಲೆ ಶೇ. 20, ಆಮೇಲೆ ಶೇ. 25 ಕಡಿಮೆ ಮಾಡಿ ಅಂತ. "ಮುಕ್ತಿ" ಬಂದದ್ದು ಅದರ ನಂತರ, ಸಾಧ್ಯವಾದರೆ ಅನ್ನೋ ಅರ್ಥದಲ್ಲಿ. ನನಗೆ ಬಂದ ತುಣುಕಿನಲ್ಲಿ ಆ ಅಂಕಿಗಳನ್ನೇ ಕತ್ತರಿಸಿದ್ದರು. ತಪ್ಪು ಭಾಷಣದ್ದಲ್ಲ, ಅರ್ಧ ಕೇಳಿ ಪೂರ್ತಿ ಮಾಡಿದ ನನ್ನದು.

ನಾನು ಆವತ್ತು ಹಾಕದೇ ಹೋದ ಲೆಕ್ಕ

ಇದು ನಿಮಗೆ ಬೇಕಾಗುತ್ತೆ, ಸ್ವಲ್ಪ ನಿಧಾನವಾಗಿ ಓದಿ. ಮಳೆಯಾಶ್ರಿತ ಗೋವಿನಜೋಳಕ್ಕೆ ಎಕರೆಗೆ ಸುಮಾರು 40 ಕೆಜಿ ಸಾರಜನಕ ಶಿಫಾರಸು. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಶೇ. 46 ಸಾರಜನಕ, ಅಂದ್ರೆ 20 ಕೆಜಿ ಚಿಲ್ಲರೆ. ಎರಡು ಚೀಲಕ್ಕೆ ಲೆಕ್ಕ ಮುಗೀತು.

ಈಗ ಜೀವಾಮೃತ ನೋಡಿ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು. ಇದರಲ್ಲಿರೋ ಒಟ್ಟು ಸಾರಜನಕ ಎಷ್ಟು ಅಂತ ನಾನೇ ಕೂಡಿಸಿ ನೋಡಿದೆ, ಕಾಲು ಕೆಜಿ ಆಸುಪಾಸು ಬಂತು. ಜೀವಾಮೃತ ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ, ಇವತ್ತಿಗೂ ನನ್ನ ಹೊಲದಲ್ಲಿ ಡ್ರಮ್ ತುಂಬಿಯೇ ಇರುತ್ತೆ. ಅದು ಮಣ್ಣಿನ ಜೀವಿಗಳನ್ನ ಎಬ್ಬಿಸುತ್ತೆ. ಆದ್ರೆ ಎಬ್ಬಿಸಿದ ಜೀವಿಗಳಿಗೆ ತಿನ್ನೋಕೆ ಮಣ್ಣಿನಲ್ಲಿ ಸಾವಯವ ಪದಾರ್ಥ ಇರಬೇಕಲ್ಲ? ಇಪ್ಪತ್ತು ವರ್ಷ ಬರೀ ಚೀಲದ ಗೊಬ್ಬರ ಕಂಡ ನನ್ನ ಹೊಲದಲ್ಲಿ ಅದು ಇರಲಿಲ್ಲ. ಕೊಟ್ಟಿಗೆ ಗೊಬ್ಬರದಿಂದಲೇ 40 ಕೆಜಿ ಕೊಡ್ತೀನಿ ಅಂದ್ರೆ ಎಕರೆಗೆ 8 ಟನ್ ಬೇಕು, ಅದರಲ್ಲೂ ಮೊದಲ ವರ್ಷ ಬೆಳೆಗೆ ಸಿಗೋದು ಅರ್ಧಕ್ಕಿಂತ ಕಮ್ಮಿ.

ಹಾಗಾಗಿ 2021ರಿಂದ ನಾನು ಇಳಿಸಿದ್ದು ಮೆಟ್ಟಿಲು ಮೆಟ್ಟಿಲಾಗಿ. ಮೊದಲ ವರ್ಷ ಕಾಲು ಭಾಗ ಕಡಿತ, ಜೊತೆಗೆ ಸೆಣಬು ಬಿತ್ತಿ 45 ದಿನಕ್ಕೆ ಮಣ್ಣಿಗೆ ಸೇರಿಸಿದ್ದು (ಇದೊಂದರಿಂದಲೇ ಎಕರೆಗೆ 20-25 ಕೆಜಿ ಸಾರಜನಕದ ಆಧಾರ ಸಿಗುತ್ತೆ). ಆಮೇಲೆ ತೊಗರಿ ಸಾಲು. ಪೂರ್ತಿ ಸೊನ್ನೆಗೆ ಬಂದದ್ದು ನಾಲ್ಕನೇ ವರ್ಷ, ಅದೂ ಒಂದೇ ಎಕರೆಯಲ್ಲಿ.

ಕೊಯಮತ್ತೂರಿನಲ್ಲಿ ಹೇಳಿದ್ದೇನು?

ನವೆಂಬರ್ 19ರಂದು ಅಲ್ಲಿ ದಕ್ಷಿಣ ಭಾರತದ ನೈಸರ್ಗಿಕ ಕೃಷಿ ಸಮಾವೇಶ ಇತ್ತು. ಪಿಎಂ ಕಿಸಾನ್‌ನ 21ನೇ ಕಂತು ಬಿಡುಗಡೆಯಾದದ್ದೂ ಅಲ್ಲೇ. ನಮ್ಮ ರಾಜ್ಯದ ಪ್ರಸ್ತಾಪವೂ ಬಂತು: ಕೇರಳ, ಕರ್ನಾಟಕದ ಗುಡ್ಡಗಾಡಿನಲ್ಲಿ ತೆಂಗು, ಅಡಿಕೆ, ಹಣ್ಣಿನ ಗಿಡ, ಕೆಳಗೆ ಸಾಂಬಾರ ಬೆಳೆ, ಮೆಣಸು ಅಂತ ಮಹಡಿ ಮಹಡಿಯಾಗಿ ಬೆಳೆಯೋದನ್ನ ಉದಾಹರಣೆ ಕೊಟ್ಟರು. ಮಲೆನಾಡಿನ ಗೆಳೆಯರು ಆ ತುಣುಕು ಹಂಚಿಕೊಂಡು ಖುಷಿಪಟ್ಟರು. ಪಡಲಿ ಬಿಡಿ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ ಮಾತು. ಒಂದು ಎಕರೆಯಲ್ಲಿ, ಒಂದು ಹಂಗಾಮು ಮಾಡಿ ನೋಡಿ, ಫಲಿತಾಂಶ ನೋಡಿಕೊಂಡು ಮುಂದೆ ಹೋಗಿ ಅಂತ ಪ್ರಧಾನಿ ರೈತರಿಗೆ ಸಲಹೆ ಕೊಟ್ಟರು. ಇಷ್ಟೇ. ಯೂರಿಯಾ ಬಂದ್ ಅನ್ನೋ ಮಾತೇ ಅಲ್ಲಿಲ್ಲ. ನನ್ನ ತಮ್ಮನಿಗೆ ಬಂದ ವಿಡಿಯೋದಲ್ಲಿ ಈ ವಾಕ್ಯವೇ ಇರಲಿಲ್ಲ. 2019ರಲ್ಲಿ ಶೇ. 10 ಕತ್ತರಿಸಿದ್ರು, ಈ ಸಲ ಒಂದೆಕರೆ ಕತ್ತರಿಸಿದ್ದಾರೆ.

ಈ "ಒಂದೆಕರೆ" ಸಲಹೆಯನ್ನ ನಾನು ಮನಸಾರೆ ಒಪ್ತೀನಿ. ನನ್ನ ಮೂರೆಕರೆ ಹೋದ ಮೇಲೆ ನಾನು ಎಲ್ಲರಿಗೂ ಹೇಳ್ತಾ ಬಂದದ್ದು ಅದನ್ನೇ. ಒಂದು ತಕರಾರು ಮಾತ್ರ ಇದೆ: ಒಂದು ಹಂಗಾಮು ಸಾಲದು. ಮಣ್ಣು ತಿರುಗೋಕೆ ನನ್ನ ಕೆಂಪು ಮಣ್ಣಿನಲ್ಲಿ ಮೂರು ವರ್ಷ ಬೇಕಾಯಿತು. ಒಂದು ಹಂಗಾಮಿನ ಫಲಿತಾಂಶ ನೋಡಿ ತೀರ್ಮಾನ ಮಾಡಿದ್ರೆ ಹತ್ತರಲ್ಲಿ ಏಳು ಜನ ಬಿಟ್ಟುಬಿಡ್ತಾರೆ ಅನ್ನೋದು ನನ್ನ ಅಂದಾಜು.

ಭಾಷಣ ಹಣ ಆಗೋಕೆ ಎಷ್ಟು ದಿನ?

ಇಲ್ಲಿ ನೈಸರ್ಗಿಕ ಕೃಷಿಯದ್ದೇ ಕಥೆ ನೋಡಿ. 2019ರ ಆಗಸ್ಟ್‌ನಲ್ಲಿ ಕೆಂಪುಕೋಟೆ. 2021ರ ಡಿಸೆಂಬರ್ 16ರಂದು ಗುಜರಾತಿನ ಆನಂದ್‌ನಲ್ಲಿ ನಡೆದ ಸಮಾವೇಶದಲ್ಲಿ, ಕೃಷಿಯನ್ನ ರಾಸಾಯನಿಕ ಪ್ರಯೋಗಾಲಯದಿಂದ ಬಿಡಿಸಿ ಪ್ರಕೃತಿಯ ಪ್ರಯೋಗಾಲಯಕ್ಕೆ ಜೋಡಿಸಬೇಕು ಅನ್ನೋ ಪ್ರಧಾನಿಯ ಮಾತು. 2022ರ ಬಜೆಟ್‌ನಲ್ಲಿ ಗಂಗಾ ನದಿಯ ಪಕ್ಕದ 5 ಕಿಮೀ ಪಟ್ಟಿ, ನಮಗೆ ಅದರಿಂದ ಏನೂ ಇಲ್ಲ. 2023ರ ಬಜೆಟ್‌ನಲ್ಲಿ ಮೂರು ವರ್ಷದಲ್ಲಿ 1 ಕೋಟಿ ರೈತರು. 2024ರ ಜುಲೈ ಬಜೆಟ್‌ನಲ್ಲಿ ಮತ್ತೆ ಅದೇ 1 ಕೋಟಿ, ಈ ಸಲ ಎರಡು ವರ್ಷದಲ್ಲಿ. ಕೊನೆಗೆ ಕೇಂದ್ರ ಸಂಪುಟ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟದ್ದು 2024ರ ನವೆಂಬರ್ 25ಕ್ಕೆ. ಕೆಂಪುಕೋಟೆಯಿಂದ ಅಲ್ಲಿಗೆ ಐದು ವರ್ಷ ದಾಟಿತ್ತು. ನಾನು ಹತ್ತು ತಿಂಗಳಲ್ಲಿ ಮೂರೆಕರೆ ಕಳಕೊಂಡಾಗ ಇದ್ಯಾವುದೂ ಇರಲಿಲ್ಲ.

ಮಿಷನ್‌ನ ಅಂಕಿ ಭಾಗಿಸಿ ನೋಡಿ, ಬಹಳ ತಿಳಿಯುತ್ತೆ. ಒಟ್ಟು 2481 ಕೋಟಿ ರೂಪಾಯಿ: ಕೇಂದ್ರದ್ದು 1584, ರಾಜ್ಯಗಳದ್ದು 897. ತಲುಪಬೇಕಾದ ರೈತರು 1 ಕೋಟಿ, ಜಮೀನು 7.5 ಲಕ್ಷ ಹೆಕ್ಟೇರ್. ತಲೆಗೆ ಏಳೂವರೆ ಗುಂಟೆಯೂ ಬರಲ್ಲ! ಅಂದ್ರೆ "1 ಕೋಟಿ ರೈತರು ನೈಸರ್ಗಿಕಕ್ಕೆ" ಅಂತ ಹೆಡ್‌ಲೈನ್ ಬಂದ್ರೂ ನಿಜವಾಗಿ ಜಮೀನು ಹಚ್ಚೋರು ಅದರ ಒಂದು ಭಾಗ. ಉಳಿದವರಿಗೆ ಮಾಹಿತಿ, ತರಬೇತಿ. ಈ ಜಮೀನನ್ನ 15,000 ಕ್ಲಸ್ಟರ್‌ಗಳಾಗಿ ಮಾಡಿದ್ದಾರೆ, ಒಂದೊಂದು 50 ಹೆಕ್ಟೇರ್. ನಿಮ್ಮ ಗ್ರಾಮ ಪಂಚಾಯ್ತಿ ಆ ಕ್ಲಸ್ಟರ್‌ನಲ್ಲಿ ಇಲ್ಲ ಅಂದ್ರೆ ಎಷ್ಟು ಅರ್ಜಿ ಹಾಕಿದ್ರೂ ಪ್ರಯೋಜನ ಇಲ್ಲ. ಇದ್ರೆ, ತರಬೇತಿ ಪಡೆದ ರೈತನಿಗೆ ಪ್ರೋತ್ಸಾಹಧನ ಎಕರೆಗೆ ವರ್ಷಕ್ಕೆ 4000 ರೂಪಾಯಿ, ಎರಡು ವರ್ಷ, ಅದೂ ಒಬ್ಬರಿಗೆ ಒಂದೇ ಎಕರೆಗೆ. ಇಪ್ಪತ್ತು ಸಾವಿರ ಎಲ್ಲಿ, ನಾಲ್ಕು ಸಾವಿರ ಎಲ್ಲಿ?

ಬಾಯಿ ಒಂದು ಹೇಳುತ್ತೆ, ಚೀಲದ ಬೆಲೆ ಇನ್ನೊಂದು

2017ರ ನವೆಂಬರ್‌ನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ರೈತರಿಗೆ ಒಂದು ಸಂಕಲ್ಪ ಮಾಡಿ ಅಂದಿದ್ದರು: 2022ಕ್ಕೆ, ಸ್ವಾತಂತ್ರ್ಯದ 75ನೇ ವರ್ಷಕ್ಕೆ, ಯೂರಿಯಾ ಬಳಕೆ ಅರ್ಧಕ್ಕೆ ಇಳಿಯಬೇಕು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 300 ಲಕ್ಷ ಟನ್ ಯೂರಿಯಾ ಹೋಗ್ತಿತ್ತು. 2022-23ಕ್ಕೆ ಅದು 350 ಲಕ್ಷ ಟನ್ ದಾಟಿತು.

ಯಾಕೆ? ರೈತರು ಮಾತು ಕೇಳಲ್ಲ ಅಂತ ಟಿವಿಯಲ್ಲಿ ಹೇಳೋರು ಅಂಗಡಿಗೆ ಬಂದು ನೋಡಲಿ. 45 ಕೆಜಿ ಯೂರಿಯಾ ಚೀಲ ಇವತ್ತಿಗೂ 266 ರೂಪಾಯಿ 50 ಪೈಸೆ. 50 ಕೆಜಿ ಡಿಎಪಿ 1350. ಕೂಲಿ ಏರಿದೆ, ಡೀಸೆಲ್ ಏರಿದೆ, ಒಂದು ಟ್ರೇಲರ್ ತಿಪ್ಪೆಗೊಬ್ಬರದ ರೇಟು ಕೇಳಿದ್ರೆ ತಲೆ ತಿರುಗುತ್ತೆ, ಯೂರಿಯಾ ಮಾತ್ರ ಅಲ್ಲೇ ಇದೆ. ಇದೇ ಪ್ರಧಾನಿ 2023ರ ಆಗಸ್ಟ್ 15ರಂದು ಇದೇ ಕೆಂಪುಕೋಟೆಯಿಂದ, ಬೇರೆ ದೇಶಗಳಲ್ಲಿ 3000 ರೂಪಾಯಿಗೆ ಮಾರೋ ಚೀಲವನ್ನ ನಮ್ಮ ರೈತರಿಗೆ 300ಕ್ಕೆ ಕೊಡ್ತಿದ್ದೇವೆ ಅಂತ ಹೆಮ್ಮೆಯಿಂದ ಹೇಳಿದ್ರು. ರಸಗೊಬ್ಬರದ ಸಬ್ಸಿಡಿಗೆ ಕೇಂದ್ರ ಒಂದು ವರ್ಷಕ್ಕೆ ಇಡೋದು ಒಂದೂವರೆ ಲಕ್ಷ ಕೋಟಿಗಿಂತ ಹೆಚ್ಚು. 2022-23ರಲ್ಲಿ ಎರಡು ಲಕ್ಷ ಕೋಟಿಯನ್ನೂ ದಾಟಿತ್ತು. ಅದರ ಪಕ್ಕ ಮಿಷನ್‌ನ 2481 ಕೋಟಿ ಇಟ್ಟು ನೋಡಿ. ಸರ್ಕಾರದ ಮನಸ್ಸು ತಿಳಿಯಬೇಕು ಅಂದ್ರೆ ನಾನು ಈಗ ಮೈಕಿಗಿಂತ ಬಜೆಟ್ ಪುಸ್ತಕ ನೋಡ್ತೀನಿ. ಇದು ಪಾರ್ಟಿ ಮಾತಲ್ಲ, ಯಾವ ಪಾರ್ಟಿ ಕೂತರೂ ಯೂರಿಯಾ ಬೆಲೆ ಮುಟ್ಟೋಕೆ ಕೈ ನಡುಗುತ್ತೆ.

2025ರ ಮುಂಗಾರಿನಲ್ಲಿ ಅದೇ ಯೂರಿಯಾಗೆ ನಮ್ಮ ಜಿಲ್ಲೆಗಳಲ್ಲಿ ಬೆಳಗಿನ ಜಾವದಿಂದ ಪಾಳಿ ನಿಂತದ್ದು ಮರೆತಿಲ್ಲ ತಾನೆ? ಮಳೆ ಬೇಗ ಬಂತು, ಗೋವಿನಜೋಳದ ಬಿತ್ತನೆ ಹೆಚ್ಚಾಯ್ತು. ಕೇಂದ್ರ ಕಳಿಸಿಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪತ್ರ ಬರೆದರು, ಕಳಿಸಿದ್ದನ್ನ ಸರಿಯಾಗಿ ಹಂಚಿಲ್ಲ ಅಂತ ಕೇಂದ್ರದ ಕಡೆಯವರು ಅಂದರು. ಎರಡೂ ಹೇಳಿಕೆ ಒಂದೇ ದಿನ ಫೋನಿಗೆ ಬಂದವು. ಪಾಳಿ ಮಾತ್ರ ಕರಗಲಿಲ್ಲ. ಅವತ್ತು ನನ್ನ ಹೊಲಕ್ಕೆ ಯೂರಿಯಾ ಬೇಕಿರಲಿಲ್ಲ, ಆದ್ರೆ ಅಪ್ಪನ ಗೆಳೆಯರೊಬ್ಬರಿಗೆ ಬೇಕಿತ್ತು ಅಂತ ನಾನೂ ಹೋಗಿ ಎರಡು ತಾಸು ನಿಂತೆ. ಸಾವಯವದವನು ಯೂರಿಯಾ ಪಾಳಿಯಲ್ಲಿ ಅಂತ ಹುಡುಗರು ಫೋಟೋ ತೆಗೆದರು. ತೆಗೆಯಲಿ.

ಒಂದೇ ರಾತ್ರಿಯಲ್ಲಿ ಬಿಟ್ಟ ದೇಶ

ಮಾತು ತಡವಾಗಿ ಜಾರಿಗೆ ಬಂದ್ರೆ ಒಂದು ಕಷ್ಟ, ತೀರಾ ಬೇಗ ಬಂದ್ರೆ ಇನ್ನೂ ದೊಡ್ಡ ಕಷ್ಟ. ಪಕ್ಕದ ಶ್ರೀಲಂಕಾದಲ್ಲಿ ಗೋಟಬಯ ರಾಜಪಕ್ಸ 2019ರ ಚುನಾವಣೆಯಲ್ಲಿ ಹತ್ತು ವರ್ಷದಲ್ಲಿ ಸಾವಯವಕ್ಕೆ ಹೋಗ್ತೀವಿ ಅಂತ ಭರವಸೆ ಕೊಟ್ಟಿದ್ದರು. ಹತ್ತು ವರ್ಷ ಅನ್ನೋದು ಒಳ್ಳೆ ಲೆಕ್ಕವೇ. ಆದ್ರೆ 2021ರ ಏಪ್ರಿಲ್-ಮೇನಲ್ಲಿ ರಸಗೊಬ್ಬರ, ಕೀಟನಾಶಕಗಳ ಆಮದನ್ನೇ ನಿಷೇಧಿಸಿಬಿಟ್ಟರು. ಡಾಲರ್ ಕೊರತೆಯೂ ಅದರ ಹಿಂದೆ ಇತ್ತು. ಅಷ್ಟು ಕಾಂಪೋಸ್ಟ್ ದೇಶದಲ್ಲಿ ಎಲ್ಲಿಂದ ಬರಬೇಕು? ಭತ್ತದ ಇಳುವರಿ ಬಿತ್ತು, ಟೀ ತೋಟಗಳು ಸೊರಗಿದವು, ಅಕ್ಕಿ ಆಮದು ಮಾಡಬೇಕಾಯ್ತು. ಅದೇ ನವೆಂಬರ್‌ಗೆ ನಿಷೇಧ ಸಡಿಲಿಸಿದರು, 2022ರ ಜನವರಿಯಲ್ಲಿ ಭತ್ತದ ರೈತರಿಗೆ ಪರಿಹಾರ ಘೋಷಿಸಿದರು. ಆ ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಹೋದರು. ಅದಕ್ಕೆ ಸಾಲ, ಇಂಧನ ಅಂತ ಬೇರೆ ದೊಡ್ಡ ಕಾರಣಗಳೂ ಇದ್ದವು.

ಆ ಸುದ್ದಿ ಓದುವಾಗ ನನಗೆ ನನ್ನ ಮೂರೆಕರೆಯೇ ಕಣ್ಣೆದುರು ಬಂತು. ಸಾವಯವ ಸೋತಿತು ಅಂತ ಬಹಳ ಜನ ಬರೆದರು. ನನ್ನ ಪ್ರಕಾರ ಸೋತದ್ದು ಅವಸರ.

ಕಾಗದ ಕೈಗೆ ಬರೋ ತನಕ

ನಾಯಕರ ಮಾತನ್ನ ಹೇಗೆ ಕೇಳಬೇಕು ಅನ್ನೋದನ್ನ ನಾನು ಕಲಿತದ್ದು ದೆಹಲಿ ಗಡಿಯಲ್ಲಿ ಕೂತ ರೈತರಿಂದ. ಮೂರು ಕೃಷಿ ಕಾಯ್ದೆಗಳ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಇದನ್ನ ಗಮನಿಸಿ. 2021ರ ನವೆಂಬರ್ 19ರ ಬೆಳಿಗ್ಗೆ ಪ್ರಧಾನಿ ಟಿವಿಯಲ್ಲಿ ಬಂದು ಕಾಯ್ದೆ ವಾಪಸ್ ಅಂದರು. ಸಿಹಿ ಹಂಚಿದರು, ಆದ್ರೆ ಯಾರೂ ಡೇರೆ ಕೀಳಲಿಲ್ಲ. ನವೆಂಬರ್ 29ಕ್ಕೆ ಸಂಸತ್ತಿನಲ್ಲಿ ರದ್ದತಿ ಮಸೂದೆ ಪಾಸಾಯ್ತು, ಆಗಲೂ ಏಳಲಿಲ್ಲ. ಉಳಿದ ಬೇಡಿಕೆಗಳ ಬಗ್ಗೆ ಡಿಸೆಂಬರ್ 9ರಂದು ಸರ್ಕಾರದ ಲಿಖಿತ ಪತ್ರ ಕೈಗೆ ಬಂದ ಮೇಲೆ, 11ನೇ ತಾರೀಕು ಟ್ರ್ಯಾಕ್ಟರ್ ತಿರುಗಿಸಿದರು. ಪ್ರಧಾನಿಯ ಬಾಯಿಮಾತಿಗೂ ಟ್ರ್ಯಾಕ್ಟರ್ ತಿರುಗಿದ್ದಕ್ಕೂ ನಡುವೆ 22 ದಿನ.

ಬೆಂಬಲ ಬೆಲೆಯೂ ಹಂಗೆಯೇ. 2025-26ರಲ್ಲಿ ಗೋವಿನಜೋಳಕ್ಕೆ 2400 ರೂಪಾಯಿ ಅಂತ ಘೋಷಣೆ ಆಗಿತ್ತು. ನೀವು ಮಾರಿದ್ದು ಎಷ್ಟಕ್ಕೆ ಅಂತ ನಿಮಗೇ ಗೊತ್ತು. ಘೋಷಣೆ ಬೇರೆ, ಖರೀದಿ ಕೇಂದ್ರ ಬೇರೆ.

ನಿಮ್ಮ ಕೈಯಲ್ಲಿ ಫೋನ್ ಇದೆ, ಅದನ್ನೇ ಬಳಸಿ. ತುಣುಕು ಬಂದ ಕೂಡಲೇ ಫಾರ್ವರ್ಡ್ ಒತ್ತಬೇಡಿ. ಯಾವ ತಾರೀಕು, ಯಾವ ಊರಿನ ಭಾಷಣ ಅಂತ ಹುಡುಕಿ. ಪಿಐಬಿ ಅಂದ್ರೆ ಕೇಂದ್ರ ಸರ್ಕಾರದ ವಾರ್ತಾ ಶಾಖೆ. ಅದರ ವೆಬ್‌ಸೈಟ್‌ನಲ್ಲಿ ಪ್ರಧಾನಿಯ ಭಾಷಣಗಳ ಪೂರ್ತಿ ಪಠ್ಯ ಹಾಕ್ತಾರೆ, ಮೇಲೆ ಭಾಷೆ ಬದಲಿಸಿದ್ರೆ ಎಷ್ಟೋ ಪ್ರಕಟಣೆಗಳು ಕನ್ನಡದಲ್ಲೇ ಸಿಗುತ್ತವೆ. ಈಗ ಎಐನಿಂದ ಯಾರ ದನಿ ಬೇಕಾದ್ರೂ ಮಾಡ್ತಾರೆ, ಹಾಗಾಗಿ ಕಿವಿಗಿಂತ ಪಠ್ಯ ನಂಬಿ. ಮಾತು ನಿಜವೇ ಅಂತ ಗೊತ್ತಾದ ಮೇಲೆ ಒಂದೇ ಪ್ರಶ್ನೆ: ಇದು ಸಲಹೆಯೋ, ಬಜೆಟ್‌ನಲ್ಲಿ ಬಂದದ್ದೋ, ಸಂಪುಟ ಒಪ್ಪಿದ್ದೋ, ಮಾರ್ಗಸೂಚಿ ಬಂದಿದೆಯೋ? ಮಾರ್ಗಸೂಚಿ ಬಂದಿದ್ರೆ ರೈತ ಸಂಪರ್ಕ ಕೇಂದ್ರದವರಿಗೆ ಗೊತ್ತಿರುತ್ತೆ. ಫ್ರೂಟ್ಸ್ ಐಡಿ, ಅಂದ್ರೆ ಎಫ್‌ಐಡಿ ನಂಬರ್, ಆಧಾರ್, ಪಹಣಿ ಹಿಡಿದು ನೀವೇ ಹೋಗಿ ಕೇಳಿ. ಮಧ್ಯದವನಿಗೆ ದುಡ್ಡು ಕೊಡೋ ಕೆಲಸವೇ ಇಲ್ಲ.

ಸೋಮವಾರ

ಇಷ್ಟೆಲ್ಲ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಸೋಮವಾರ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬಂದ. ನಮ್ಮ ಪಂಚಾಯ್ತಿ ಸದ್ಯ ಕ್ಲಸ್ಟರ್ ಪಟ್ಟಿಯಲ್ಲಿ ಇಲ್ಲವಂತೆ. ಅರ್ಜಿಯವನಿಂದ ಜಗಳ ಮಾಡಿ ಸಾವಿರ ರೂಪಾಯಿ ವಾಪಸ್ ತಂದಿದ್ದಾನೆ, ಐನೂರು ಹೋಯ್ತು.

"ಹಂಗಾರ ನೈಸರ್ಗಿಕ ಬ್ಯಾಡೇನು ಅಣ್ಣಾ?" ಅಂದ.

ಬೇಡ ಅಂತ ಯಾರು ಹೇಳಿದ್ರು? ದುಡ್ಡು ಬರಲಿ ಬಿಡಲಿ, ಒಂದೆಕರೆ ತೆಗಿ ಅಂದೆ. ಯಾವ ಎಕರೆ ಅಂತ ಕೇಳಿದ. ಎಲ್ಲರೂ ಮಾಡೋ ತಪ್ಪು ಇದೇ: ಏನೂ ಬೆಳೆಯದ ಕಲ್ಲು ತುಂಡನ್ನ ಪ್ರಯೋಗಕ್ಕೆ ಬಿಡೋದು. ಹಂಗೆ ಮಾಡಬೇಡ, ಮನೆ ಹತ್ತಿರದ್ದು, ಬೋರಿನ ನೀರು ಸಿಗೋದು, ದಿನಾ ಕಣ್ಣಿಗೆ ಬೀಳೋದು ತಗೋ. ಮೊದಲು ಮಣ್ಣು ಪರೀಕ್ಷೆ ಮಾಡಿಸು. ಗೋವಿನಜೋಳದಿಂದ ಶುರು ಮಾಡಬೇಡ, ಅದು ಸಾರಜನಕದ ಹೊಟ್ಟೆಬಾಕ. ಬೇಸಿಗೆಗೆ ಅಲಸಂದೆ ಹಾಕು, ಕಾಯಿ ಬಿಡಿಸಿಕೊಂಡು ಬಳ್ಳಿ ಮಣ್ಣಿಗೆ ಸೇರಿಸು. ಮುಂಗಾರು ಬಿದ್ದಾಗ ಸೆಣಬು, ಆಮೇಲೆ ತೊಗರಿ ಅಥವಾ ಹೆಸರು. ಉಳಿದ ಮೂರೆಕರೆಗೆ ಈಗಿನಂತೆಯೇ ಗೊಬ್ಬರ ಕೊಡು, ಶೇ. 10 ಮಾತ್ರ ಇಳಿಸು. ಎರಡರದ್ದೂ ಖರ್ಚು, ಇಳುವರಿ ಬೇರೆ ಬೇರೆ ಬರೆದಿಡು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಲಸಂದಿ ಬೀಜ ನಿನ್ನ ಕಡೆ ಐತೇನು?"

ಐದು ಕೆಜಿ ಇದೆ. ಭಾನುವಾರ ಬಂದು ಒಯ್ತಾನೆ.